ಕಣ್ಣು ಕುಕ್ಕುವ ದೀಪ: ಅನರ್ಥದಂಡದ ಹೊಸ ರೂಪ

ಶ್ರಾವಕನು ಪಾಲಿಸಬೇಕಾದ ವ್ರತಗಳಲ್ಲಿ ಅನರ್ಥದಂಡವ್ರತವೂ ಒಂದು. ಪ್ರಯೋಜನವಿಲ್ಲದೆ ಪರಜೀವಿಗೆ ಉಂಟುಮಾಡುವ ನೋವಿನಿಂದ ವಿರಮಿಸುವುದೇ ಅದರ ತಿರುಳು. ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡವನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಪ್ರವಚನಗಳಲ್ಲಿ ಹಿಂಸಾದಾನದ ಮಾತು ಬಂದಾಗ ಕತ್ತಿ, ಕೊಡಲಿ, ವಿಷ, ಬೆಂಕಿಗಳ ಉದಾಹರಣೆ ಬರುತ್ತದೆ. ಕೇಳುಗರು ತಮ್ಮ ಮನೆಯಲ್ಲಿ ಇವಾವುವೂ ಇಲ್ಲವೆಂಬ ನೆಮ್ಮದಿಯಿಂದ ಎದ್ದುಹೋಗುತ್ತಾರೆ. ಹೊರಗೆ ನಿಲ್ಲಿಸಿದ ಕಾರಿನ ಮುಂಭಾಗದಲ್ಲಿ ತಾವೇ ಹಣ ಕೊಟ್ಟು ಹಾಕಿಸಿದ 100 ವಾಟಿನ ಬಲ್ಬು ಇದೆಯೆಂಬುದು ಯಾರಿಗೂ ನೆನಪಾಗುವುದಿಲ್ಲ.

ಬೆಂಗಳೂರಿನ ಇಟ್ಟಮಡುವಿನಂಥ ಬಡಾವಣೆಯಲ್ಲಿ ಸಂಜೆ ಏಳರ ಅನಂತರ ನಡೆದುಹೋಗುವವನಿಗೆ ಈ ವಿಷಯವನ್ನು ವಿವರಿಸಬೇಕಾಗಿಲ್ಲ. ಒಂದು ಕಡೆ ಕತ್ತರಿಗುಪ್ಪೆ, ಇನ್ನೊಂದು ಕಡೆ ಹೊಸಕೆರೆಹಳ್ಳಿ. ನಡುವೆ ಕಿರಿದಾದ ರಸ್ತೆಗಳು, ಅಂಚಿನಲ್ಲಿ ನಿಂತ ವಾಹನಗಳು, ತರಕಾರಿ ಕೊಳ್ಳುವ ಹೆಂಗಸರು, ಪಾಠ ಮುಗಿಸಿ ಬರುವ ಮಕ್ಕಳು. ಎದುರಿನ ಕಾರಿನಿಂದ ನೀಲಿಮಿಶ್ರಿತ ಬಿಳಿಯ ಬೆಳಕು ಮುಖಕ್ಕೆ ರಾಚಿದೊಡನೆ ದಾರಿಹೋಕನು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ನಿಂತುಬಿಡುತ್ತಾನೆ. ದ್ವಿಚಕ್ರ ವಾಹನದವನು ನಿಲ್ಲಲಾರ. ಕಾಣದ ದಾರಿಯಲ್ಲಿಯೇ ಮುಂದೆ ಸಾಗುತ್ತಾನೆ. ಬೀದಿದೀಪವಿರುವ, ವೇಗಕ್ಕೆ ಎಡೆಯೇ ಇಲ್ಲದ ರಸ್ತೆಯಲ್ಲಿ ಇಷ್ಟು ಬೆಳಕು ಯಾವ ಪ್ರಯೋಜನಕ್ಕೆ?

ಹೆಚ್ಚಿನ ಬೆಳಕು ಬಯಸುವವರ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಹಳೆಯ ಕಾರಿನ ದೀಪ ಮಂಕಾಗಿರುತ್ತದೆ; ಮಳೆಯಲ್ಲಿ ರಸ್ತೆ ಕಪ್ಪಾಗಿ ಕಾಣುತ್ತದೆ; ವಯಸ್ಸಾದವರ ಕಣ್ಣಿಗೆ ಹೆಚ್ಚು ಬೆಳಕು ಬೇಕು. ಇವೆಲ್ಲ ನಿಜವಾದ ಅಗತ್ಯಗಳೇ. ಆದರೆ ಅದೇ ವಯಸ್ಸಾದ ಕಣ್ಣು ಎದುರಿನ ಪ್ರಖರ ಬೆಳಕಿನಿಂದ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಪೊರೆ ಬೆಳೆಯುತ್ತಿರುವ ಕಣ್ಣಿನೊಳಗೆ ಬೆಳಕು ಚದರಿ ಇಡೀ ನೋಟವೇ ಬಿಳಿಯಾಗುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 10 ಮೀಟರ್ ಚಲಿಸುತ್ತದೆ. ಮೂರು ಸೆಕೆಂಡು ಕಣ್ಣು ಕತ್ತಲಿಟ್ಟರೆ 30 ಮೀಟರ್ ದಾರಿ ಕುರುಡು ಪಯಣ. ಆ 30 ಮೀಟರ್‌ಗಳಲ್ಲಿ ಯಾರೂ ರಸ್ತೆ ದಾಟದಿದ್ದರೆ ಅದು ದೀಪದವನ ಪುಣ್ಯವಲ್ಲ, ದಾಟದವರ ಅದೃಷ್ಟ.

ದೋಷವಿರುವುದು ಬೆಳಕಿನಲ್ಲಿ ಅಲ್ಲ, ಬೆಳಕು ಬೀಳುವ ಎಡೆಯಲ್ಲಿ. ಕಾರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ‘ಎಚ್4’ ಹ್ಯಾಲೊಜೆನ್ ಬಲ್ಬಿನಲ್ಲಿ ಎರಡು ತಂತುಗಳಿರುತ್ತವೆ: ಹೈಬೀಮಿಗೆ 60 ವಾಟ್, ಡಿಪ್ಪಿಗೆ 55 ವಾಟ್. ಡಿಪ್ ತಂತುವಿನ ಕೆಳಗೆ ಲೋಹದ ಪುಟ್ಟ ಬೋಗುಣಿಯೊಂದಿದ್ದು, ಮೇಲಕ್ಕೆ ಹೋಗಬಹುದಾದ ಬೆಳಕನ್ನು ಅದು ತಡೆಯುತ್ತದೆ. ಹಿಂದಿನ ಪ್ರತಿಫಲಕವನ್ನು ಆ ತಂತು ಇರುವ ಜಾಗಕ್ಕೆ ಸರಿಯಾಗಿಯೇ ರೂಪಿಸಿರುತ್ತಾರೆ. ಅದೇ ಗೂಡಿಗೆ ಆಕಾರದಲ್ಲಿಯೂ ಸ್ಥಾನದಲ್ಲಿಯೂ ಬೇರೆಯಾದ ಅಗ್ಗದ ಎಲ್‌ಇಡಿ ತೂರಿಸಿದರೆ ಕಿರಣ ಎಲ್ಲೆಂದರಲ್ಲಿ ಚದರುತ್ತದೆ. 100/90 ವಾಟಿನ ಬಲ್ಬು ಹಾಕಿದರೆ ಎದುರಿನವರ ಕಣ್ಣಿಗೆ ಸೋರುವ ಬೆಳಕೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಕಾರ್ಖಾನೆಯಲ್ಲಿಯೇ ಎಲ್‌ಇಡಿಗಾಗಿ ರೂಪಿಸಿದ ದೀಪದ ಮಾತು ಬೇರೆ. ಪ್ರಶ್ನೆ ಇರುವುದು ಒಂದರ ಗೂಡಿಗೆ ಇನ್ನೊಂದನ್ನು ಸೇರಿಸುವ ಕುರಿತು.

ವ್ಯಾಪಾರಿಯ ಲೆಕ್ಕದಲ್ಲಿಯೇ ಇದನ್ನು ತೂಗಿ ನೋಡಬಹುದು. ನೋಟದ ದೂರ ಇಮ್ಮಡಿಯಾಗಬೇಕಾದರೆ ಆ ದಿಕ್ಕಿನ ಬೆಳಕು ನಾಲ್ಮಡಿಯಾಗಬೇಕು. 60 ವಾಟಿನಿಂದ 100 ವಾಟಿಗೆ ಏರಿದವನಿಗೆ ದಕ್ಕುವ ಲಾಭ ಅತ್ಯಲ್ಪ. 12 ವೋಲ್ಟಿನಲ್ಲಿ 60 ವಾಟಿನ ಬಲ್ಬು 5 ಆಂಪಿಯರ್ ವಿದ್ಯುತ್ ಎಳೆದರೆ 100 ವಾಟಿನದು 8 ಆಂಪಿಯರ್ ಮೀರುತ್ತದೆ. ಇದರಿಂದ ತಂತಿ, ಸ್ವಿಚ್ಚು, ಪ್ರತಿಫಲಕಗಳು ಕಾದು ಕೆಡುತ್ತವೆ. ಲಾಭದ ಕಡೆ ಕೆಲವು ಮೀಟರ್ ಹೆಚ್ಚಿನ ನೋಟ. ನಷ್ಟದ ಕಡೆ ಸ್ವಂತ ವಾಹನದ ಹಾನಿ ಮತ್ತು ಎದುರು ಬರುವ ನೂರಾರು ಜನರ ಕಣ್ಣು. ಇಂಥ ವ್ಯವಹಾರಕ್ಕೆ ಯಾವ ಬುದ್ಧಿವಂತ ವರ್ತಕನೂ ಒಪ್ಪುವುದಿಲ್ಲ. ಆದರೂ ಒಪ್ಪುತ್ತಿರುವುದೇಕೆ? ನಷ್ಟವನ್ನು ಬರೆದುಕೊಳ್ಳುವ ಖಾತೆ ಬೇರೆಯವರದೆಂಬ ಭ್ರಮೆಯಿಂದ.

‘ಎಲ್ಲರೂ ಹಾಕಿಸಿದ್ದಾರೆ, ತಾನೊಬ್ಬ ಬಿಟ್ಟರೆ ತನಗೇ ಕಾಣುವುದಿಲ್ಲ’ ಎಂಬುದು ಮೊದಲನೆಯ ಸಮರ್ಥನೆ. ಎಲ್ಲರೂ ಹಾಕಿಸಿದ ಮೇಲೆ ಎಲ್ಲರಿಗೂ ಮೊದಲಿಗಿಂತ ಕಡಿಮೆಯೇ ಕಾಣುತ್ತದೆ. ಪರಿಗ್ರಹದ ಸ್ಪರ್ಧೆಗಳೆಲ್ಲ ಮುಗಿಯುವುದು ಹೀಗೆಯೇ. ‘ತನ್ನ ದೀಪದಿಂದ ಇದುವರೆಗೆ ಅಪಘಾತವಾಗಿಲ್ಲ’ ಎಂಬುದು ಎರಡನೆಯದು. ಇದಕ್ಕೆ ಉತ್ತರವನ್ನು ಆಚಾರ್ಯ ಅಮೃತಚಂದ್ರರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಎಂದೋ ನೀಡಿದ್ದಾರೆ. ಎಚ್ಚರದಿಂದ ನಡೆಯುವವನಿಂದ ಆಕಸ್ಮಿಕವಾಗಿ ಜೀವಹಾನಿಯಾದರೂ ಅವನಿಗೆ ಹಿಂಸೆಯ ದೋಷವಿಲ್ಲ. ಪ್ರಮಾದದಲ್ಲಿ ನಡೆಯುವವನಿಂದ ಯಾವ ಜೀವವೂ ಸಾಯದಿದ್ದರೂ ಹಿಂಸೆ ಅವನ ಮುಂದೆಯೇ ಓಡುತ್ತಿರುತ್ತದೆ ಎಂಬುದು ಅವರ ಅಭಿಪ್ರಾಯ. ಮುಂದೆ ಓಡುವ ಈ ಹಿಂಸೆಗೆ ಪ್ರಖರ ದೀಪಕ್ಕಿಂತ ಸ್ಪಷ್ಟವಾದ ರೂಪ ಇನ್ನಾವುದಿದೆ?

ರಾಜ್ಯಶಾಸನವೂ ಈ ವಿಷಯದಲ್ಲಿ ಮೌನವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮದಂತೆ ಮುಂದಿನ ದೀಪದ ಕಿರಣ ಕೆಳಮುಖವಾಗಿರಬೇಕು. 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಅದು ಕೋರೈಸಬಾರದು. 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕೋರೈಸುವ ದೀಪಗಳ ವಿರುದ್ಧ ರಾಜ್ಯದಾದ್ಯಂತ ಮೊಕದ್ದಮೆಗಳನ್ನು ಹೂಡಿದರು. ಆದರೆ ಅಣುವ್ರತಿಯೆನಿಸಿಕೊಂಡವನು ಪೊಲೀಸರ ರಸೀದಿಯನ್ನು ಕಂಡ ಮೇಲೆ ಬಲ್ಬು ಬದಲಾಯಿಸುವುದು ನಾಚಿಕೆಯ ಸಂಗತಿ.

ಕೊಳ್ಳುವವನಿಗಿಂತ ಮಾರುವವನ ಹೊಣೆ ಹಿರಿದು. ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿಯಾಗಲಿ, ಬಡಾವಣೆಯ ಅಂಗಡಿಯಲ್ಲಿಯಾಗಲಿ, ಗಿರಾಕಿ ಕೇಳಿದನೆಂದು 100/90 ವಾಟಿನ ಬಲ್ಬನ್ನು ಕೊಡುವ ಜೈನ ವರ್ತಕನು ಏನು ಮಾಡುತ್ತಿದ್ದಾನೆ? ಹಿಂಸೆಯ ಉಪಕರಣವನ್ನು ಪರರ ಕೈಗೆ ಒದಗಿಸುವುದು ಹಿಂಸಾದಾನ. ‘ಇದನ್ನೇ ಹಾಕಿಸಿ, ಎದುರಿನವರೇ ದಾರಿ ಬಿಡುತ್ತಾರೆ’ ಎಂದು ಪ್ರೇರೇಪಿಸುವುದು ಪಾಪೋಪದೇಶ. ಅಂಗಡಿಯ ಗೋಡೆಗೆ ತೀರ್ಥಂಕರರ ಚಿತ್ರ ತೂಗುಹಾಕಿ, ಅದರ ಕೆಳಗೇ ಈ ವ್ಯಾಪಾರ ನಡೆಸುವುದಕ್ಕಿಂತ ಚಿತ್ರವನ್ನು ಇಳಿಸುವುದು ಪ್ರಾಮಾಣಿಕತೆ. ಒಂದು ಬಲ್ಬಿನ ಲಾಭ ಬಿಡಲಾರದವನು ಚಾತುರ್ಮಾಸದ ದಾನಪಟ್ಟಿಯಲ್ಲಿ ಎಷ್ಟು ದೊಡ್ಡ ಮೊತ್ತ ಬರೆಸಿದರೇನು?

ಹಾಗಾದರೆ ಮಂಕು ದೀಪದವನು ಏನು ಮಾಡಬೇಕು? ಮೊದಲು ದೀಪದ ಗಾಜನ್ನು ಒರೆಸಬೇಕು. ಹಳದಿಗಟ್ಟಿದ ಪ್ಲಾಸ್ಟಿಕ್ ಮುಚ್ಚಳವನ್ನು ಪಾಲಿಷ್ ಮಾಡಿಸಬೇಕು. ಬಲ್ಬಿಗೆ ವಿದ್ಯುತ್ ಪೂರ್ತಿಯಾಗಿ ತಲುಪುತ್ತಿದೆಯೇ ಎಂದು ಎಲೆಕ್ಟ್ರೀಷಿಯನ್‌ನಿಂದ ಪರೀಕ್ಷಿಸಬೇಕು. ಅನಂತರವೂ ಸಾಲದಿದ್ದರೆ ವಾಹನದ ಕೈಪಿಡಿಯಲ್ಲಿ ಹೇಳಿರುವ ಬಗೆಯ, ಅದೇ 60/55 ವಾಟಿನ ಉತ್ತಮ ಬಲ್ಬುಗಳನ್ನು ಎರಡೂ ಕಡೆ ಒಟ್ಟಿಗೆ ಹಾಕಿಸಬೇಕು. ತಂತುವನ್ನು ಹೆಚ್ಚು ಕರಾರುವಾಕ್ಕಾಗಿ ಜೋಡಿಸಿ ರಸ್ತೆಯ ಮೇಲಿನ ಬೆಳಕನ್ನು ಹೆಚ್ಚಿಸುವ ಬಲ್ಬುಗಳು ಅದೇ ವಾಟಿನಲ್ಲಿ ದೊರೆಯುತ್ತವೆ; ಬಾಳಿಕೆ ಸ್ವಲ್ಪ ಕಡಿಮೆ, ಬೆಲೆ ಸ್ವಲ್ಪ ಹೆಚ್ಚು. ನೀಲಿ ಲೇಪನದ ಬಲ್ಬು ಬೇಡ. ಆ ಲೇಪನವು ಬೆಳಕಿನ ಒಂದಂಶವನ್ನು ತಾನೇ ನುಂಗುತ್ತದೆ. ಬೈಕಿನ 35/35 ವಾಟಿನ ಗೂಡಿಗೆ ಕಾರಿನ ಬಲ್ಬನ್ನು ತುರುಕಬಾರದು. ಕೊನೆಯದಾಗಿ ಕಿರಣದ ಮಟ್ಟವನ್ನು ಸರಿಪಡಿಸಿಸಬೇಕು. ಡಿಪ್ ಕಿರಣದ ಮೇಲಂಚು 10 ಮೀಟರ್ ಮುಂದೆ ದೀಪದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಹಿಂದಿನ ಆಸನ ತುಂಬಿದಾಗ ಮುಂಭಾಗ ಮೇಲೇಳುವುದರಿಂದ, ಕಾರಿನಲ್ಲಿ ಮಟ್ಟದ ಗುಂಡಿಯಿದ್ದರೆ ಅದನ್ನು ಬಳಸಬೇಕು.

ವಿಹಾರ ಕಾಲದಲ್ಲಿ ವಾಹನ ಬಡಿದು ಸಾಧುಸಾಧ್ವಿಯರು ಪ್ರಾಣ ಕಳೆದುಕೊಂಡ ಸುದ್ದಿ ಬಂದಾಗ ಸಮಾಜ ಶೋಕಸಭೆ ನಡೆಸಿ ಸರ್ಕಾರಕ್ಕೆ ಮನವಿ ಸಲ್ಲಿಸುತ್ತದೆ. ಅದು ಯುಕ್ತವೇ. ಆದರೆ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯ ಸಾಧಕರ ಕಣ್ಣಿಗೆ, ಮುಂಜಾನೆಯ ಮಬ್ಬಿನಲ್ಲಿ ದೀಪ ರಾಚಿಸುತ್ತ ಬರುವವರಲ್ಲಿ ಶ್ರಾವಕರ ಕಾರುಗಳೂ ಇರುತ್ತವೆ. ಮನವಿ ಬರೆಯುವ ಮೊದಲು ಟ್ರಸ್ಟುಗಳು ತಮ್ಮ ವಾಹನಗಳ ದೀಪಗಳನ್ನು ಪರೀಕ್ಷಿಸಲಿ. ವರ್ತಕರು ಇಂಥ ಬಲ್ಬನ್ನು ಮಾರುವುದಿಲ್ಲವೆಂಬ ನಿಯಮವನ್ನು ಗುರುಗಳ ಸನ್ನಿಧಿಯಲ್ಲಿ ಸ್ವೀಕರಿಸಲಿ. ಗೃಹಸ್ಥರು ಎದುರಿಗೆ ವಾಹನ ಕಂಡೊಡನೆ ಡಿಪ್ ಮಾಡುವುದನ್ನು ದಿನಚರಿಯ ವ್ರತವಾಗಿಸಲಿ. ಇದಕ್ಕೆ ಉಪವಾಸ ಬೇಡ, ಖರ್ಚೂ ಬೇಡ. ಒಂದು ಬೆರಳು ಸಾಕು.