ಒಂದು ಲೋಟ ವೈನ್ ಮತ್ತು ಅತಿಥಿಯ ಮಾನ

ಕ್ರಿಸ್ಮಸ್ಸಿಗೆ ಎರಡು ತಿಂಗಳಿರುವಾಗಲೇ ನಮ್ಮ ಮನೆಗಳ ಅಟ್ಟದಿಂದ ಭರಣಿಗಳು ಕೆಳಗಿಳಿಯುತ್ತವೆ. ಅವುಗಳಿಗೆ ತುಂಬುವುದು ಹೆಚ್ಚಾಗಿ ಬೆಂಗಳೂರು ಬ್ಲೂ ದ್ರಾಕ್ಷಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ತೋಟಗಳಲ್ಲಿ ಬೆಳೆಯುವ ಈ ಹಣ್ಣು ನೇರಳೆಗಪ್ಪು ಬಣ್ಣದ್ದು. ಸಿಪ್ಪೆ ದಪ್ಪ, ಬೀಜವುಂಟು, ಹಿಸುಕಿದರೆ ತಿರುಳು ಜಾರಿ ಹೊರಬರುತ್ತದೆ. ಅಮೆರಿಕದ ಕಾಡುದ್ರಾಕ್ಷಿಯ ನಂಟಿರುವುದರಿಂದ ಅದಕ್ಕೊಂದು ಗಾಢವಾದ ವಾಸನೆ. ಯುರೋಪಿನ ತಳಿಗಳಿಗೆ ಒಗ್ಗಿದ ವೈನ್ ಪಂಡಿತರು ಆ ಕಾರಣಕ್ಕೇ ಅದನ್ನು ಎರಡನೆಯ ಪಂಕ್ತಿಗೆ ಕೂರಿಸುತ್ತಾರೆ.

ಈ ತೀರ್ಪನ್ನು ನಾವು ಪೂರ್ತಿಯಾಗಿ ಒಪ್ಪೆವು. ವೈನಿನ ಗುಣವನ್ನು ಅದು ಸೇರುವ ಊಟದಿಂದ ಬೇರ್ಪಡಿಸಿ ಅಳೆಯಲಾಗದು. ಈ ದ್ರಾಕ್ಷಿಯ ಹುಳಿ ಹಂದಿಮಾಂಸದ ಬಫಾತಿನ ಜಿಡ್ಡನ್ನು ಕತ್ತರಿಸುತ್ತದೆ. ಉಳಿದ ಸಿಹಿ ಮೆಣಸಿನ ಉರಿಯನ್ನು ತಣಿಸುತ್ತದೆ. ಒಗರು ಹೆಚ್ಚಿರುವ ಕ್ಯಾಬರ್ನೆ ಸುವಿನ್ಯೋನಿನಂಥ ವೈನ್ ಅದೇ ಖಾರವನ್ನು ಕೆರಳಿಸುತ್ತದೆ. ಸಣ್ಣ, ಬಫಾತುಗಳ ಪಕ್ಕದಲ್ಲಿ ನಮ್ಮ ಹಣ್ಣಿಗೆ ನಾಚಿಕೆಪಡುವ ಕಾರಣವಿಲ್ಲ.

ಆದರೆ ನಾವೇ ಅದಕ್ಕೆ ಅನ್ಯಾಯ ಮಾಡುತ್ತೇವೆ. ಸಾಲದೆಂದು ಸಕ್ಕರೆ ಸುರಿದು, 'ಏರಬೇಕು' ಎಂದು ಬ್ರಾಂಡಿ ಬೆರೆಸುತ್ತೇವೆ. ಆಗ ಅದು ಊಟದ ಸಂಗಾತಿಯಾಗಿ ಉಳಿಯದು. ಸಂತ ಥಾಮಸ್ ಅಕ್ವಿನಾಸರು ಪಾನದಲ್ಲಿ ಮಿತವನ್ನು ಪ್ರತ್ಯೇಕ ಸದ್ಗುಣವೆಂದೇ ಎಣಿಸಿದರು. ಅವರು ವೈನನ್ನು ಪಾಪವೆನ್ನಲಿಲ್ಲ. ವಿವೇಕವನ್ನು ಮುಳುಗಿಸುವುದನ್ನು ಪಾಪವೆಂದರು.

ಕೆಲವು ವರ್ಷಗಳ ಹಿಂದಿನ ಒಂದು ಮದುವೆ ನಮ್ಮ ಮನಸ್ಸಿನಿಂದ ಮಾಸಿಲ್ಲ. ಕುಡಿತ ಬಿಟ್ಟು ಎರಡು ವರ್ಷವಾಗಿದ್ದ ಒಬ್ಬರ ಕೈಗೆ ಟೋಸ್ಟಿನ ಹೊತ್ತಿಗೆ ಲೋಟ ಬಂತು. "ಒಂದೇ ಗುಟುಕು, ಅಣ್ಣಾ; ಇದು ವೈನ್ ತಾನೇ?" ಎಂದರು ಪಕ್ಕದವರು. ಅವರ ಪತ್ನಿ ನಮ್ಮತ್ತ ನೋಡಿದರು. ನಾವೂ ಲೋಟ ಹಿಡಿದು ಸುಮ್ಮನಿದ್ದೆವು. ಆ ಗುಟುಕು ಅಂದಿಗೆ ಮುಗಿಯಲಿಲ್ಲ. ಆ ಮೌನಕ್ಕೆ ನಾವು ಉತ್ತರ ಕೊಡಬೇಕಾಗಿದೆ.

ಬಲಿಪೀಠದ ದ್ರಾಕ್ಷಾರಸದ ವಿಷಯದಲ್ಲಿ ಧರ್ಮಸಭೆಯ ನಿಯಮ ಕಟ್ಟುನಿಟ್ಟು: ಅದು ದ್ರಾಕ್ಷಿಯ ಸಹಜ ರಸದ್ದಾಗಿರಬೇಕು, ಕೆಟ್ಟಿರಬಾರದು. ಅಷ್ಟು ಕಟ್ಟುನಿಟ್ಟಾದ ಸಭೆಯೇ, ವೈನ್ ಸೇವಿಸಲಾಗದ ಗುರುಗಳು ಧರ್ಮಾಧ್ಯಕ್ಷರ ಅನುಮತಿಯೊಂದಿಗೆ ಮುಸ್ತುಂ, ಅಂದರೆ ಹುದುಗುವಿಕೆಯನ್ನು ತಡೆದಿಟ್ಟ ಶುದ್ಧ ದ್ರಾಕ್ಷಿರಸ, ಬಳಸಬಹುದೆಂದು 2003ರ ವ್ಯಾಟಿಕನ್ ಪತ್ರದಲ್ಲಿ ತಿಳಿಸಿದೆ. ಬಲಿಪೀಠದಲ್ಲಿ ದುರ್ಬಲನಿಗೆ ದಾರಿಯುಂಟು. ಮದುವೆಯ ಚಪ್ಪರದಲ್ಲಿ ಏಕಿಲ್ಲ?

ಆದುದರಿಂದ ನಮ್ಮ ವಿನಂತಿ ಇಷ್ಟೇ. ಟೋಸ್ಟಿನ ಹರಿವಾಣದಲ್ಲಿ ಅದೇ ಬಣ್ಣದ, ಅದೇ ಹಣ್ಣಿನ ಹುದುಗದ ರಸದ ಲೋಟಗಳೂ ಇರಲಿ. ಯಾರು ಯಾವುದನ್ನು ಎತ್ತಿಕೊಂಡರೆಂದು ಯಾರೂ ಕೇಳದಿರಲಿ. ಕಾನಾ ಊರಿನಲ್ಲಿ ಪ್ರಭು ಉಳಿಸಿದ್ದು ಒಂದು ಮನೆಯವರ ಮಾನವನ್ನು. ನಾವು ಅತಿಥಿಯ ಮಾನವನ್ನಾದರೂ ಉಳಿಸೋಣ.