ಪಿತ್ತದ ಗಂಧೆ ಎಷ್ಟು ಮಂದಿಗೆ?

ಎಂಟನೇ ತರಗತಿಯ ಹುಡುಗಿಯೊಬ್ಬಳು ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೇ ದಿನ ಕೇಳಿದರೆ, "ಮೈಮ್ಯಾಲ ಪಿತ್ತ ಎದ್ದಿದ್ವು ಸರ್" ಅಂದಳು. ಅಜ್ಜಿ ಆಮಸೂಲಿನ ನೀರು ಹಚ್ಚಿ ಕಂಬಳಿ ಹೊದಿಸಿದ್ದರಂತೆ. ಬದನೆಕಾಯಿ ಬಂದ್, ಶೇಂಗಾ ಚಟ್ನಿ ಬಂದ್. ಸೊಲ್ಲಾಪುರದ ಮನೆಯಲ್ಲಿ ಇದೇನು ಸಣ್ಣ ಶಿಕ್ಷೆಯಲ್ಲ! ಮುಂದೆ ಪರೀಕ್ಷೆಯಲ್ಲಿ ಪಿತ್ತರಸದ ಕೆಲಸವೇನೆಂದು ಕೇಳಿದಾಗ ಅವಳು, "ಹೆಚ್ಚಾದರೆ ಗಂಧೆ ಏಳುತ್ತವೆ" ಎಂದು ಬರೆದಳು. ತಪ್ಪು ಅವಳದಲ್ಲ, ಎರಡಕ್ಕೂ ನಾವು ಒಂದೇ ಹೆಸರಿಟ್ಟಿದ್ದೇವೆ.

ಗಂಧೆಗೂ ಯಕೃತ್ತಿನ ಪಿತ್ತರಸಕ್ಕೂ ಸಂಬಂಧವಿಲ್ಲ. ಚರ್ಮದೊಳಗಿನ ಮಾಸ್ಟ್ ಕೋಶಗಳು ಹಿಸ್ಟಮಿನ್ ಬಿಡುತ್ತವೆ, ಸಣ್ಣ ರಕ್ತನಾಳಗಳಿಂದ ದ್ರವ ಸೋರಿ ಚರ್ಮ ಉಬ್ಬುತ್ತದೆ, ತುರಿಸುತ್ತದೆ. ಒಂದೊಂದು ಗಂಧೆ ಸಾಮಾನ್ಯವಾಗಿ 24 ತಾಸಿನೊಳಗೆ ಗುರುತಿಲ್ಲದೆ ಇಳಿಯುತ್ತದೆ. ಮಕ್ಕಳಲ್ಲಿ ಬಹಳ ಸಲ ನೆಗಡಿ-ಜ್ವರದಂಥ ಸೋಂಕೇ ಕಾರಣ. 6 ವಾರ ಮೀರಿ ಕಾಡುವ ಗಂಧೆಗಂತೂ ಊಟದ ಅಲರ್ಜಿ ಕಾರಣವಾಗುವುದು ಅಪರೂಪ. ಆದರೆ ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಕಂಬಳಿ ಹುಡುಕಬಾರದು, ಕೂಡಲೇ ದವಾಖಾನೆಗೆ ಒಯ್ಯಬೇಕು.

ಹಾಗಾದರೆ ಇದು ಎಷ್ಟು ಮಂದಿಗೆ? ಜೀವನದಲ್ಲಿ ಒಮ್ಮೆಯಾದರೂ ಬರುವುದು ಶೇ. 20ರಷ್ಟು ಜನರಿಗೆ, ದೀರ್ಘಕಾಲ ಕಾಡುವುದು ಶೇ. 1ರ ಆಸುಪಾಸು ಎಂದು ವೈದ್ಯಕೀಯ ಪುಸ್ತಕಗಳು ಹೇಳುತ್ತವೆ. ನನ್ನ ತಕರಾರು ಇರುವುದು ದವಾಖಾನೆಯ ಲೆಕ್ಕವನ್ನು ಊರಿನ ಲೆಕ್ಕ ಮಾಡುವುದರ ಬಗ್ಗೆ. ಚರ್ಮರೋಗ ವಿಭಾಗಕ್ಕೆ ಬಂದ 100 ರೋಗಿಗಳಲ್ಲಿ 5 ಮಂದಿಗೆ ಗಂಧೆ ಇತ್ತು ಅಂದುಕೊಳ್ಳಿ. ಅದು ಸೊಲ್ಲಾಪುರದ ಶೇ. 5 ಅಲ್ಲ. ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೆ ಅಕ್ಕಲಕೋಟೆಯವರೂ ಬರುತ್ತಾರೆ, ಗಡಿಯಾಚೆಯ ಇಂಡಿ, ಆಳಂದದವರೂ ಬರುತ್ತಾರೆ. ಇನ್ನು ಅಕ್ಕಲಕೋಟೆಯಲ್ಲಿ ಎಸ್‌ಟಿ ಹತ್ತಿ ಸೊಲ್ಲಾಪುರ ಮುಟ್ಟುವುದರೊಳಗೆ ಎಷ್ಟೋ ಜನರ ಗಂಧೆ ಇಳಿದೇ ಹೋಗಿರುತ್ತವೆ. ಅವರು ಯಾವ ರಜಿಸ್ಟರಿನಲ್ಲೂ ಸಿಗುವುದಿಲ್ಲ. 2011ರ ಜನಗಣತಿಯಂತೆ ಸೊಲ್ಲಾಪುರ ನಗರದಲ್ಲಿ 9.5 ಲಕ್ಷ ಜನ. ಭಾಗಿಸಬೇಕಾದದ್ದು ಆ ಸಂಖ್ಯೆಯಿಂದ, ಸಾಲಿನಲ್ಲಿ ನಿಂತವರ ಸಂಖ್ಯೆಯಿಂದಲ್ಲ. ಶೇಕಡಾ ಕಲಿಸುವ ನಾವೇ ಛೇದ ಮರೆತರೆ ಹ್ಯಾಂಗ?

ಸಮೀಕ್ಷೆಯನ್ನು ಶಾಲೆಯಲ್ಲೇ ಮಾಡಬಹುದು, ಹೆಸರು ಬರೆಸದೆ. "ಎಂದಾದರೂ ಎದ್ದಿದ್ದವೇ?", "ಈ ತಿಂಗಳು ಎದ್ದವೇ?" ಎರಡೂ ಬೇರೆ ಪ್ರಶ್ನೆ, ಉತ್ತರವೂ ಬೇರೆ. "ಅರ್ಟಿಕೇರಿಯಾ" ಅಂತ ಕೇಳಿದರೆ ಒಂದು ಕೈಯೂ ಏಳುವುದಿಲ್ಲ. ಕನ್ನಡದವರಿಗೆ ಗಂಧೆ, ಮರಾಠಿ ಮನೆಯಲ್ಲಿ ಪಿತ್ತ, ಹಿಂದಿಯವರಿಗೆ ಪಿತ್ತಿ, ತೆಲುಗು ನೇಕಾರರ ಮನೆಯಲ್ಲಿ ದದ್ದುರ್ಲು. ನಾಲ್ಕೂ ಹೆಸರು ಹೇಳಿ ಕೇಳಿದಾಗ ನನ್ನ ತರಗತಿಯಲ್ಲಿ ಮೊದಲು ಸುಮ್ಮನೆ ಕುಳಿತವರೂ ಕೈ ಎತ್ತಿದರು.

ಆ ಹುಡುಗಿಯನ್ನು ಮನೆಯವರು ಆಮೇಲೆ ಡಾಕ್ಟರಿಗೆ ತೋರಿಸಿದರು. ಶೇಂಗಾ ಚಟ್ನಿ ಮತ್ತೆ ಡಬ್ಬಿಗೆ ಬಂದಿದೆ.