ಗಾಯದ ಅಳತೆಗಿಂತ ಸಮಯ ಮುಖ್ಯ

ಹೃದಯದ ಮೈಟ್ರಲ್ ಕವಾಟದ ದುರಸ್ತಿಗೆ ಎದೆಮೂಳೆ ಸೀಳಬೇಕೇ, ಪಕ್ಕೆಲುಬುಗಳ ನಡುವೆ ಸಣ್ಣ ಗಾಯ ಸಾಕೇ? ಬ್ರಿಟನ್ನಿನಲ್ಲಿ 330 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಣ್ಣ ಗಾಯದವರು ಬೇಗ ಮನೆಗೆ ಮರಳಿದರು. 12 ವಾರಗಳ ಹೊತ್ತಿಗೆ ಎರಡೂ ಗುಂಪಿನವರ ಚೇತರಿಕೆ ಸರಿಸಮವಾಗಿತ್ತು. ಗಾಯ ಯಾವುದೇ ಇರಲಿ, ಹೃದಯದ ಬಲ ಹೆಚ್ಚು ಉಳಿಯುವುದು ಕವಾಟದ ಆಧಾರ ತಂತುಗಳನ್ನು ಉಳಿಸಿಕೊಂಡಾಗ, ಎಡ ಹೃತ್ಕುಕ್ಷಿ ಸೋಲುವ ಮೊದಲೇ ದುರಸ್ತಿಯಾದಾಗ.

ನಮ್ಮಲ್ಲಿ ಕವಾಟ ಕೆಡಲು ದೊಡ್ಡ ಕಾರಣ ಬಾಲ್ಯದ ಸಂಧಿವಾತ ಜ್ವರ. ಚಿಕಿತ್ಸೆಗೆ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಗಿದೆ. ಬೀದರ್ ಜಿಲ್ಲೆಯ ನಮ್ಮ ರಾಜೇಶ್ವರದವರಿಗೆ ಅದು ಹತ್ತಿರದ ಆಸರೆ. ಇನ್ನು ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳ ಪ್ರತಿ ಶಾಲೆಯಲ್ಲೂ ಮಕ್ಕಳ ಹೃದಯ ತಪಾಸಣೆ ತಪ್ಪದೆ ನಡೆಯಲಿ. ಏದುಸಿರನ್ನು ಬರೀ ದಣಿವೆಂದು ತಳ್ಳಿಹಾಕದಿರೋಣ.